ಸಿಗಡಿ ಆಗುತ್ತದೆ, ಮಿಲ್ಕ್‌ಶೇಕ್ ಆಗುವುದಿಲ್ಲ!

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರದ ಅಂಗಡಿಯಲ್ಲಿ, ವರ್ಜೀನಿಯಾದಿಂದ ರಜೆಗೆ ಬಂದಿದ್ದ ಅಕ್ಕನ ಮಗ ಬಾದಾಮಿ ಮಿಲ್ಕ್‌ಶೇಕ್ ಬಾಟಲಿ ತಿರುಗಿಸಿದ. ಮೊಬೈಲ್ ಟಾರ್ಚ್ ಹಾಕಿ ರಾಗಿಕಾಳಿನಷ್ಟು ಸಣ್ಣ ಅಕ್ಷರ ಓದಿದ. ವಾಪಸ್ ಇಟ್ಟುಬಿಟ್ಟ.

"ಹಸಿರು ಚುಕ್ಕಿ ಉಂಟಲ್ಲ ಮಾರಾಯ!"

"ಅದನ್ನು ನಂಬಿದರೆ ನಾನು ಆಸ್ಪತ್ರೆಗೇ ಮಾವ" ಎಂದವನು ಒಣಸಿಗಡಿ ಚಟ್ನಿಯ ಡಬ್ಬಿ ಎತ್ತಿಕೊಂಡ. ಅದರ ಮೇಲೆ ಮಾಂಸಾಹಾರದ ಕಂದು ತ್ರಿಕೋನ! ಉಡುಪಿಯಲ್ಲಿ ಹುಟ್ಟಿ ಬೆಳೆದ ನನಗೆ ಲೋಕವೇ ತಲೆಕೆಳಗಾದಂತಾಯಿತು.

ಅವನಿಗಿರುವುದು ಆಲ್ಫಾ-ಗ್ಯಾಲ್ ಸಿಂಡ್ರೋಮ್ ಎಂಬ ಅಲರ್ಜಿ. ಕಾರಣ? ಒಂದು ಉಣ್ಣಿ! ಕಾರ್ಕಳದ ಅಜ್ಜಿಮನೆಯಲ್ಲಿ ದನದ ಕಿವಿಯಿಂದ ಕಿತ್ತು ಸೀಮೆಎಣ್ಣೆಗೆ ಹಾಕುತ್ತಿದ್ದೆವಲ್ಲ, ಅದರದೇ ಅಮೆರಿಕದ ನೆಂಟ, 'ಲೋನ್ ಸ್ಟಾರ್'. ನಮಗೆ ಉಣ್ಣಿ ಎಂದರೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ. ಅದು ವೈರಸ್ಸಿನದು. ಇದು ಬರೀ ಒಂದು ಸಕ್ಕರೆಯ ಕಥೆ! ಉಣ್ಣಿಯ ಜೊಲ್ಲಿನೊಂದಿಗೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಚರ್ಮದೊಳಗೆ ಇಳಿಯುತ್ತದೆ, ಮೈ ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಸಕ್ಕರೆ ದನ, ಆಡು, ಹಂದಿಗಳಲ್ಲೂ ಇದೆ. ಮೀನು, ಸಿಗಡಿ, ಕೋಳಿಯಲ್ಲಿಲ್ಲ. ಸಸ್ತನಿಗಳಲ್ಲಿ ಅದನ್ನು ಕಳೆದುಕೊಂಡವರು ಯಾರು ಗೊತ್ತೇ? ನಾವು, ವಾನರಗಳು ಮತ್ತು ಆಗುಂಬೆ ಘಾಟಿಯಲ್ಲಿ ಕೈಯಿಂದ ಬಾಳೆಹಣ್ಣು ಕಸಿಯುವ ಮಂಗಗಳು!

ಆ ಸಕ್ಕರೆಯಿರುವ ಮಾಂಸ ತಿಂದ ಕೂಡಲೇ ಏನೂ ಆಗುವುದಿಲ್ಲ, ಸಾಮಾನ್ಯವಾಗಿ ಎರಡರಿಂದ ಆರು ಗಂಟೆ ಬೇಕು. ಹಾಗಾಗಿ ರಾತ್ರಿಯೂಟದ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. 2009ರಲ್ಲಿ ಇದನ್ನು ವರದಿ ಮಾಡಿದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದ ಥಾಮಸ್ ಪ್ಲಾಟ್ಸ್-ಮಿಲ್ಸ್ ಅವರಿಗೇ ಉಣ್ಣಿ ಕಚ್ಚಿತ್ತು. ಕುರಿಮಾಂಸ ತಿಂದ ರಾತ್ರಿ ಮೈಯೆಲ್ಲ ದದ್ದು ಎದ್ದಿತ್ತು!

ಈಗ ಬಾಟಲಿಗೆ ಬನ್ನಿ. ಹಾಲಿನಲ್ಲೂ ಆ ಸಕ್ಕರೆ ಉಂಟು. ಕೆಲವರಿಗೆ ಹಾಲು ಒಗ್ಗುತ್ತದೆ, ಇವನಿಗಿಲ್ಲ. ಬಾಟಲಿಯ ಪಟ್ಟಿಯಲ್ಲಿ ಹಾಲಿನ ಕೆಳಗೆ 'ಐಎನ್‌ಎಸ್ 407' ಎಂದಿತ್ತು. ಅದು ಕ್ಯಾರಜೀನನ್, ಪಾನೀಯ ದಪ್ಪವಾಗಲೆಂದು ಹಾಕುವುದು. ಬರುವುದು ಕೆಂಪು ಕಡಲಪಾಚಿಯಿಂದ. ಅದರಲ್ಲೂ ಆಲ್ಫಾ-ಗ್ಯಾಲ್! ಕಾಪುವಿನ 1901ರ ದೀಪಸ್ತಂಭದ ಬುಡದ ಬಂಡೆಗಳ ಮೇಲೆ ನಿಂತು ನೋಡುವ ಅದೇ ಸಮುದ್ರದಲ್ಲಿ, ಕೊಟ್ಟಿಗೆಯ ದನದೊಳಗಿನ ಸಕ್ಕರೆಯನ್ನೇ ಹೊತ್ತ ಪಾಚಿ ಬೆಳೆಯುತ್ತದೆಂದರೆ! ಅದು ಅಪ್ಪಟ ಸಸ್ಯಾಹಾರ, ಚುಕ್ಕಿ ಹಸಿರೇ.

ಹಾಗೆಂದು ಕಂದು ತ್ರಿಕೋನವೆಲ್ಲ ಕ್ಷೇಮವಲ್ಲ. ಮೊಟ್ಟೆ, ಮೀನಿಗೆ ಬಿದ್ದ ತ್ರಿಕೋನ ಅವನಿಗೆ ಸರಿ. ದನದ ಜೆಲಾಟಿನ್ ಹಾಕಿದ ಜೆಲ್ಲಿ ಮಿಠಾಯಿಯದ್ದು ಬೇಡ. ಅಲರ್ಜಿ ಸೂಚನೆಯಲ್ಲಿ ಹಾಲು, ಮೀನು, ಶೇಂಗಾ ಬರೆಯಲೇಬೇಕು, ಜೆಲಾಟಿನ್ ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಟಾರ್ಚ್.

ಚಟ್ನಿಯ ಡಬ್ಬಿಯಲ್ಲಿದ್ದದ್ದು ಸಿಗಡಿ, ಕಾಯಿತುರಿ, ಮೆಣಸು, ಹುಣಸೆ, ಉಪ್ಪು. ರಾತ್ರಿ ಎಂಟಕ್ಕೆ ಕುಚ್ಚಲಕ್ಕಿ ಗಂಜಿಗೆ ಸುರಿದುಕೊಂಡು ಉಂಡ. ನನಗೋ ನಿದ್ದೆಯಿಲ್ಲ. ಎರಡು ಗಂಟೆಗೆ ಮೆಲ್ಲ ಎದ್ದು ಇಣುಕಿದೆ.

"ಇನ್ನೂ ಮಲಗಲಿಲ್ಲವಾ ಮಾವ? ಆ ಡಬ್ಬಿಯಲ್ಲಿ ಸ್ವಲ್ಪ ಉಂಟಾ?"