ಗಣಯುಗ್ಮ: ಒಂದು ಪಾರಿಭಾಷಿಕ ಶಬ್ದದ ವಿವೇಚನೆ

ಪಾಶ್ಚಾತ್ಯ ಛಂದಶ್ಶಾಸ್ತ್ರದಲ್ಲಿ 'ಡೈಪೊಡಿ' ಎಂಬ ಪಾರಿಭಾಷಿಕ ಶಬ್ದವೊಂದುಂಟು. ಎರಡು ಗಣಗಳು ಕೂಡಿ ಒಂದೇ ಅಳತೆಯಾಗಿ ನಡೆಯುವುದಕ್ಕೆ ಆ ಹೆಸರು. ಶಬ್ದಾರ್ಥವನ್ನೇ ಹಿಡಿದು ಹೊರಟರೆ ಅದನ್ನು ಕನ್ನಡದಲ್ಲಿ 'ದ್ವಿಪದಿ' ಎನ್ನಬೇಕಾದೀತು. ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ. ಗ್ರೀಕರಲ್ಲಿ ಪಾದವೆಂದರೆ ಗಣ; ನಮ್ಮಲ್ಲಿ ಪಾದವೆಂದರೆ ಪದ್ಯದ ಒಂದು ಪಂಕ್ತಿ. ಆದುದರಿಂದ ನಮ್ಮ ದ್ವಿಪದಿಯು ಎರಡು ಪಂಕ್ತಿಗಳ ಪದ್ಯ, ಅವರ ಡೈಪೊಡಿಯು ಎರಡು ಗಣಗಳ ಜೋಡಿ. ಈ ಲೇಖನದಲ್ಲಿ ಅದನ್ನು 'ಗಣಯುಗ್ಮ'ವೆಂದು ಕರೆದಿದೆ.

ಗ್ರೀಕ್ ನಾಟಕಗಳ ಸಂಭಾಷಣೆಯ ಪಂಕ್ತಿಯಲ್ಲಿ ಆರು ಗಣಗಳಿದ್ದರೂ ಅದರ ಹೆಸರು 'ತ್ರಿಮಾನ'ವೆಂದೇ ಅರ್ಥಕೊಡುತ್ತದೆ. ಎರಡೆರಡು ಗಣಗಳನ್ನು ಒಂದು ಮಾನವಾಗಿ ಎಣಿಸಿದುದೇ ಅದಕ್ಕೆ ಕಾರಣ. ಹೋಮರನ ಮಹಾಕಾವ್ಯಗಳ ಪಂಕ್ತಿಯಲ್ಲಾದರೋ ಆರು ಗಣಗಳನ್ನು ಬಿಡಿಬಿಡಿಯಾಗಿಯೇ ಎಣಿಸುವರು.

ಇಂತಹ ಜೋಡಿ ಕನ್ನಡದಲ್ಲಿ ಉಂಟೇ? ಮಾತ್ರಾ ಷಟ್ಪದಿಗಳನ್ನು ನೋಡಬಹುದು. ವಾರ್ಧಕದಲ್ಲಿ ಐದು ಮಾತ್ರೆಯ ಗಣ, ಪರಿವರ್ಧಿನಿಯಲ್ಲಿ ನಾಲ್ಕು ಮಾತ್ರೆಯ ಗಣ ಒಂದೇ ಸಮನೆ ಬರುತ್ತವೆ. ಅಲ್ಲಿ ಯುಗ್ಮದ ಕಲ್ಪನೆ ಅನಾವಶ್ಯಕ. ಕುಮಾರವ್ಯಾಸನು ತನ್ನ ಭಾರತಕ್ಕೆ ಆರಿಸಿಕೊಂಡ ಭಾಮಿನಿಯ ರೀತಿಯೇ ಬೇರೆ. ಅದರ ೧, ೨, ೪, ೫ನೆಯ ಪಾದಗಳಲ್ಲಿ ೩+೪+೩+೪, ಅಂದರೆ ೧೪ ಮಾತ್ರೆಗಳು. ೩ ಮತ್ತು ೬ನೆಯ ಪಾದಗಳಲ್ಲಿ ೩+೪ರ ಮೂರು ಆವೃತ್ತಿಗಳೂ ಕೊನೆಗೊಂದು ಗುರುವೂ ಸೇರಿ ೨೩ ಮಾತ್ರೆಗಳು. ಇಲ್ಲಿ ಮರುಕಳಿಸುವುದು ಒಂಟಿ ಗಣವಲ್ಲ, ಏಳು ಮಾತ್ರೆಯ ಜೋಡಿ. ಅದನ್ನು ಬಾಯಲ್ಲಿ 'ತಕಿಟ ತಕಧಿಮಿ' ಎಂದು ಹೇಳಿಕೊಳ್ಳಬಹುದು.

ನಮ್ಮ ಸೀಮೆಯ ಊರ ಹೆಸರುಗಳಿಂದಲೇ ಇದನ್ನು ಪರೀಕ್ಷಿಸೋಣ. 'ವಾಡಿ' ಎಂಬುದರಲ್ಲಿ ಮೂರು ಮಾತ್ರೆ, 'ಸೇಡಂ' ಎಂಬುದರಲ್ಲಿ ನಾಲ್ಕು. 'ವಾಡಿ ಸೇಡಂ ವಾಡಿ ಸೇಡಂ' ಎಂದರೆ ಭಾಮಿನಿಯ ಮೊದಲ ಪಾದದ ನಡೆ ದೊರೆಯಿತು. 'ಸೇಡಂ ವಾಡಿ ಸೇಡಂ ವಾಡಿ' ಎಂದರೂ ಮೊತ್ತ ೧೪ ಮಾತ್ರೆಯೇ. ಆದರೆ ಭಾಮಿನಿ ಕೆಟ್ಟಿತು. ಮೊತ್ತವಷ್ಟೇ ಸಾಲದು, ಜೋಡಿಯ ಕ್ರಮವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಇನ್ನು 'ಚಿಂಚೋಳಿ', 'ಮಳಖೇಡ' ಎರಡೂ ಐದು ಮಾತ್ರೆಯವು. 'ವಾಡಿ ಚಿಂಚೋಳಿ ವಾಡಿ ಮಳಖೇಡ' ಎಂದರೆ ೩+೫+೩+೫, ಒಟ್ಟು ೧೬. ಮಂದಾನಿಲ ರಗಳೆಯಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳಿಗೆ ಬದಲಾಗಿ ಬರುವ ಯುಗ್ಮವಿದು. ಇಲ್ಲಿ ಸೌಕರ್ಯಕ್ಕಾಗಿ ಪದವೂ ಗಣವೂ ಒಂದೆಡೆ ಮುಗಿದಿವೆ; ಕಾವ್ಯದಲ್ಲಿ ಪದವು ಗಣದ ಎಲ್ಲೆಯನ್ನು ದಾಟಿ ಹೋಗುವುದು ಸಾಮಾನ್ಯ.

ಮಳಖೇಡದ ಹೆಸರು ಇಲ್ಲಿ ಬರಿಯ ಉದಾಹರಣೆಗಾಗಿ ಬಂದುದಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಈ ಗ್ರಾಮವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ' ೯ನೆಯ ಶತಮಾನದ್ದು. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತನು ಇಲ್ಲಿಯೇ ಅಪಭ್ರಂಶ ಭಾಷೆಯ 'ಮಹಾಪುರಾಣ'ವನ್ನು ೯೬೫ರಲ್ಲಿ ಮುಗಿಸಿದನು. ಅದರ ಕಡವಕಗಳಲ್ಲಿ ಪ್ರಾಸಬದ್ಧವಾದ ೧೬ ಮಾತ್ರೆಯ ಪಾದಗಳು ವಿಪುಲವಾಗಿವೆ. ಮಂದಾನಿಲದ ಅಳತೆಯೂ ಅಷ್ಟೇ. ಅಳತೆ ಒಂದೇ ಎಂಬ ಮಾತ್ರಕ್ಕೆ ಸಾಲ ಸಿದ್ಧವಾಗದು. ಆದರೂ ಮಾತ್ರಾಲಯದ ಕಾವ್ಯವು ಕನ್ನಡದ ರಾಜಧಾನಿಯಲ್ಲೇ ಕೇಳಿಬರುತ್ತಿದ್ದಿತೆಂಬುದನ್ನು ರಗಳೆಯ ಚರಿತ್ರೆ ಬರೆಯುವವರು ಮರೆಯಲಾಗದು.

ಚರಿತ್ರೆಯ ಅಧ್ಯಾಪಕನಿಗೆ ಇದರಿಂದೇನು ಎಂದು ಕೇಳಬಹುದು. ಓಲೆಗರಿಯ ಅಂಚು ಮುರಿದು ಭಾಮಿನಿಯ ಪಾದವೊಂದರ ಕೊನೆಯ ಏಳು ಮಾತ್ರೆ ನಷ್ಟವಾಗಿದೆಯೆನ್ನೋಣ. ಮಾತ್ರೆಯ ಮೊತ್ತವನ್ನಷ್ಟೇ ಬಲ್ಲವನು ಏಳು ಮಾತ್ರೆಯ ಯಾವ ಪದವನ್ನಾದರೂ ತುಂಬಿಯಾನು. ಯುಗ್ಮವನ್ನು ಬಲ್ಲವನು ಮೊದಲು ಮೂರು, ಬಳಿಕ ನಾಲ್ಕು ಎಂದು ಒಡೆಯುವ ಪಾಠವನ್ನೇ ಹುಡುಕುವನು. ಹಾಗೆ ಒಡೆಯದ ಊಹೆಯನ್ನು, ಅರ್ಥ ಎಷ್ಟೇ ಸೊಗಸಾಗಿದ್ದರೂ, ಬಿಟ್ಟುಬಿಡುವನು. ಕವಿ ಬರೆಯದ ಮಾತು ಆಧಾರವೆನಿಸಿಕೊಂಡು ಚರಿತ್ರೆಗೆ ನುಸುಳದಂತೆ ತಡೆಯುವಲ್ಲಿ ಈ ಸಣ್ಣ ಲೆಕ್ಕವೂ ಒಂದು ಕಾವಲು.