ನಿಮಗಿದು ಗೊತ್ತೇ? ಮೋಡೆಮ್ ಮತ್ತು ಅದರ ಡ್ರೈವರ್

ಮೋಡೆಮ್ ಹೊಸದು, ಕಂಪ್ಯೂಟರ್ ಹೊಸದು. ಆದರೂ ನೆಟ್ ಬರುತ್ತಿಲ್ಲ. ಎಷ್ಟೋ ಸಲ ತೊಂದರೆ ಇರುವುದು ಯಂತ್ರದಲ್ಲಲ್ಲ, ಡ್ರೈವರ್ ಎಂಬ ಪುಟ್ಟ ತಂತ್ರಾಂಶದಲ್ಲಿ. ಕೊಪ್ಪಳ ಜಿಲ್ಲೆಯ ಗಿಣಿಗೇರಾದಿಂದ ಕುಷ್ಟಗಿಯವರೆಗೆ ನೆಟ್ ಬಳಸುವವರೆಲ್ಲ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

• ಕಂಪ್ಯೂಟರಿನ 0 ಮತ್ತು 1ಗಳನ್ನು ತಂತಿಯಲ್ಲಿ ಸಾಗುವ ಸಂಕೇತವಾಗಿ ಬದಲಿಸುವುದು, ಬಂದ ಸಂಕೇತವನ್ನು ಮರಳಿ 0 ಮತ್ತು 1 ಮಾಡುವುದು ಮೋಡೆಮ್ ಕೆಲಸ. ಮೋಡೆಮ್‌ಗೂ ವಿಂಡೋಸ್‌ಗೂ ನಡುವೆ ನಿಂತ ದುಭಾಷಿಯೇ ಡ್ರೈವರ್.

• 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಈಗಿನ ಒಂದು ಎಂಬಿ ಫೋಟೊ ಕಳಿಸಲು ಅದಕ್ಕೆ 7 ಗಂಟೆಗೂ ಹೆಚ್ಚು ಬೇಕು!

• ಅದೇ ಮೋಡೆಮ್ ರೂಢಿಗೆ ತಂದ 'ಎಟಿ' ಆದೇಶಗಳು ಇಂದಿನ 4ಜಿ ಮೋಡೆಮ್‌ಗಳಲ್ಲೂ ಬಳಕೆಯಲ್ಲಿವೆ. 'ಎಟಿಡಿಟಿ' ಎಂದರೆ ನಂಬರ್ ಡಯಲ್ ಮಾಡು. 'ಎಟಿಎಚ್' ಎಂದರೆ ಫೋನ್ ಇಡು.

• ವಿಎಸ್ಎನ್ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಆಗ ಗಿಣಿಗೇರಾ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ.

• ಹಳೆಯ ಸೀರಿಯಲ್ ಮೋಡೆಮ್‌ಗೆ ವಿಂಡೋಸ್ ಕೇಳುತ್ತಿದ್ದ 'ಐಎನ್ಎಫ್' ಕಡತ ಬರೀ ಅಕ್ಷರಗಳ ಕಡತ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಆ ಮೋಡೆಮ್‌ಗೆ ವಿಂಡೋಸ್ ಕೊಡುವ ಎಟಿ ಆದೇಶಗಳನ್ನು ಓದಬಹುದು.

• ಬಿಎಸ್ಎನ್ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದರ ಕೆಲವು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಯುಎಸ್‌ಬಿ, ಲ್ಯಾನ್ ಎರಡೂ ಕಿಂಡಿಗಳಿದ್ದವು. ಯುಎಸ್‌ಬಿಯಲ್ಲಿ ಜೋಡಿಸಿದರೆ ಮೋಡೆಮ್ ಡ್ರೈವರ್ ಬೇಕು. ಲ್ಯಾನ್ ಕೇಬಲ್ ಹಾಕಿದರೆ ಬೇಡ, ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಡ್ರೈವರೇ ಸಾಕು. ಇಂದಿನ ಫೈಬರ್ ಮೋಡೆಮ್‌ಗೂ ಇದೇ ಮಾತು.

• 3ಜಿ ಡಾಂಗಲ್ ಹಾಕಿದ ಕೂಡಲೇ ಕಂಪ್ಯೂಟರಿನಲ್ಲಿ ಸಿಡಿ ಕಾಣಿಸುತ್ತಿದ್ದುದು ಏಕೆ? ಡ್ರೈವರನ್ನು ಡಾಂಗಲ್ ಒಳಗೇ ತುಂಬಿರುತ್ತಿದ್ದರು. ಅದು ಇನ್‌ಸ್ಟಾಲ್ ಆದ ಮೇಲೆ ಡಾಂಗಲ್ ಸಿಡಿ ವೇಷ ಬಿಟ್ಟು ಮೋಡೆಮ್ ಆಗುತ್ತಿತ್ತು.

• ಹಳೆಯ ಮೋಡೆಮ್‌ನ 9 ಪಿನ್ ಸೀರಿಯಲ್ ಪೋರ್ಟ್ ಇಂದಿಗೂ ಲಾರಿ ತೂಗುವ ವೇಬ್ರಿಜ್‌ಗಳಲ್ಲಿ ಬಳಕೆಯಲ್ಲಿದೆ. ಹೊಸ ಲ್ಯಾಪ್‌ಟಾಪಿಗೆ ಜೋಡಿಸಲು ಯುಎಸ್‌ಬಿ–ಸೀರಿಯಲ್ ಕೇಬಲ್, ಅದಕ್ಕೊಂದು ಡ್ರೈವರ್ ಬೇಕು. ಕೇಬಲನ್ನು ಬೇರೆ ಕಿಂಡಿಗೆ ಹಾಕಿದರೆ ಪೋರ್ಟಿನ 'ಕಾಮ್' ಸಂಖ್ಯೆ ಬದಲಾಗಿ ತೂಕ ಬಾರದೆ ಹೋಗಬಹುದು.

• ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ, ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ 'ಹಾರ್ಡ್‌ವೇರ್ ಐಡಿ' ನೋಡಿ. ತಯಾರಕರ ಗುರುತು ಅಲ್ಲೇ ಇರುತ್ತದೆ; 'ವಿಐಡಿ 12ಡಿ1' ಎಂದಿದ್ದರೆ ಅದು ಹುವಾವೇ.

• 64 ಬಿಟ್ ವಿಂಡೋಸ್‌ಗೆ 32 ಬಿಟ್ ಡ್ರೈವರ್ ಹಾಕಿದರೆ ನಡೆಯುವುದಿಲ್ಲ.

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮೊದಲು ಡ್ರೈವರುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. ಡ್ರೈವರ್ ಇಲ್ಲದೆ ನೆಟ್ ಇಲ್ಲ, ನೆಟ್ ಇಲ್ಲದೆ ಡ್ರೈವರ್ ಇಲ್ಲ! ಇಳಿಸಿಕೊಳ್ಳುವಾಗಲೂ ಮೋಡೆಮ್ ತಯಾರಕರ ತಾಣವನ್ನೇ ನಂಬಿ. ಸಿಕ್ಕಸಿಕ್ಕ 'ಉಚಿತ ಡ್ರೈವರ್' ತಾಣಗಳಿಂದ ವೈರಸ್ ತಂದುಕೊಳ್ಳಬೇಡಿ.