ತೆಳುತಂತಿಯ ಬಲದಿಂದ ನಡೆಯುವ ಹೊಗೆಯೊಲೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯ ಹಿತ್ತಿಲೆಂಬುದು ಬೇಸಗೆಯ ಅಡುಗೆಮನೆಯೂ ಹೌದು. ಮಾಂಸ, ಮೀನುಗಳನ್ನು ಅಲ್ಲಿ ಹೊಗೆಯಲ್ಲಿಟ್ಟು, ಸುಮಾರು ೧೧೦ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ಹದವಾಗಿ ಬೇಯಿಸುವ ಪದ್ಧತಿಯುಂಟು. ಇದಕ್ಕಾಗಿ ಏರ್ಪಟ್ಟ ಒಂದು ಬಗೆಯ ಒಲೆಗೆ, ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳೇ ಉರುವಲು. ಅಲ್ಲಿಯವರು ಅದನ್ನು ಪೆಲೆಟ್ ಸ್ಮೋಕರ್ ಎನ್ನುತ್ತಾರೆ. ನಾವು ಗುಳಿಗೆಯ ಹೊಗೆಯೊಲೆ ಎನ್ನೋಣ. ಈ ಒಲೆಗೆ ಉರುವಲಿನ ಜೊತೆಗೆ ವಿದ್ಯುತ್ತೂ ಬೇಕು. ಹಿತ್ತಿಲಲ್ಲಿ ವಿದ್ಯುತ್ತಿನ ಪ್ಲಗ್ಗಿಲ್ಲದೆ, ಗಣಕಜಾಲದ ತಂತಿ ಮಾತ್ರ ಇರುವ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸುದ್ದಿಯನ್ನು ಹೊತ್ತು ತರುವ ಆ ತೆಳುತಂತಿಯಿಂದಲೇ ಒಲೆಯನ್ನೂ ನಡೆಸಬಹುದೆ? ಕೇಳಿದೊಡನೆ ನಗು ಬರಬಹುದು. ಆದರೆ ಲೆಕ್ಕಕ್ಕೆ ಕುಳಿತರೆ, ಶಕ್ತಿಯನ್ನು ಒದಗಿಸುವುದು ಬೇರೆ, ಶಕ್ತಿಯನ್ನು ಆಳುವುದು ಬೇರೆ ಎಂಬ ತತ್ತ್ವವು ಇದರೊಳಗೆ ಅಡಗಿರುವುದು ಕಾಣುತ್ತದೆ.

೧೯೭೩ರ ತೈಲ ಬಿಕ್ಕಟ್ಟಿನ ತರುವಾಯ, ಮರ ಕೊಯ್ಯುವ ಕಾರ್ಖಾನೆಗಳ ಹೊಟ್ಟನ್ನು ಉರುವಲಾಗಿಸುವ ಪ್ರಯತ್ನಗಳು ಅಲ್ಲಿ ಬಲಗೊಂಡವು. ಒತ್ತಡಕ್ಕೂ ಬಿಸಿಗೂ ಸಿಕ್ಕಿದಾಗ ಮರದಲ್ಲಿರುವ ಲಿಗ್ನಿನ್ ಎಂಬ ದ್ರವ್ಯವೇ ಅಂಟಾಗಿ ಗುಳಿಗೆಯನ್ನು ಹಿಡಿದಿಡುತ್ತದೆ. ಆರೆಗನ್ ಪ್ರಾಂತದ ಜೋ ಟ್ರೇಗರ್ ಎಂಬವರು ಈ ಉರುವಲನ್ನು ಅಡುಗೆಗೆ ಒಗ್ಗಿಸಿ, ೧೯೮೬ರಲ್ಲಿ ಪೇಟೆಂಟು ಪಡೆದರು. ಒಲೆಯ ರಚನೆ ಸರಳವಾದುದು. ಪಕ್ಕದಲ್ಲಿ ಗುಳಿಗೆಗಳ ಕಣಜ. ಅದರ ಬುಡದಿಂದ ಒಲೆಯ ನಡುವಿಗೆ ಒಂದು ಕೊಳವೆ. ಕೊಳವೆಯೊಳಗೆ ಮೆಲ್ಲನೆ ತಿರುಗುವ ತಿರುಪಿನ ದಂಡ. ದಂಡವು ಗುಳಿಗೆಗಳನ್ನು ಬೆಂಕಿಯ ಬಟ್ಟಲಿಗೆ ನೂಕುತ್ತದೆ, ಕಾದ ಸಲಾಕೆಯೊಂದು ಅವನ್ನು ಹೊತ್ತಿಸುತ್ತದೆ, ಫ್ಯಾನು ಗಾಳಿಯೂದುತ್ತದೆ. ಉಷ್ಣತೆಯನ್ನಳೆದು ದಂಡವನ್ನೂ ಫ್ಯಾನನ್ನೂ ಹಿಡಿತದಲ್ಲಿಡುವ ಕೆಲಸ ನಿಯಂತ್ರಕದ್ದು.

ಈಗ ಲೆಕ್ಕವನ್ನು ನೋಡೋಣ. ಒಂದು ಕಿಲೋ ಗುಳಿಗೆ ಉರಿದರೆ ಸುಮಾರು ೫ ಕಿಲೋವಾಟ್-ಗಂಟೆಯಷ್ಟು ಶಾಖ ಬರುತ್ತದೆ. ಮಂದವಾದ ಉರಿಯಲ್ಲಿ ಗಂಟೆಗೆ ಅರ್ಧ ಕಿಲೋ ಉರಿಯಿತೆಂದು ಹಿಡಿದರೆ ಬೆಂಕಿಯ ಬಲವು ೨,೫೦೦ ವಾಟಿನಷ್ಟಾಯಿತು. ಅದನ್ನು ನಡೆಸುವ ದಂಡ, ಫ್ಯಾನು, ನಿಯಂತ್ರಕಗಳೆಲ್ಲ ಸೇರಿ ಬೇಡುವುದು ಸುಮಾರು ೪೦ ವಾಟು, ಎಂದರೆ ಅರವತ್ತರಲ್ಲಿ ಒಂದು ಪಾಲು. ಇಲ್ಲಿ ಬೆಂಕಿಯು ಆನೆ, ವಿದ್ಯುತ್ತು ಅಂಕುಶ. ಆನೆಯನ್ನು ಹೊರಲು ತಂತಿಗೆ ಸಾಮರ್ಥ್ಯವಿಲ್ಲ. ಅಂಕುಶವನ್ನು ಹಿಡಿಯಲು ಸಾಮರ್ಥ್ಯವುಂಟು.

ಈಥರ್ನೆಟ್ ಎಂದು ಹೆಸರಾದ ಈ ತಂತಿಯಲ್ಲಿ ತಾಮ್ರದ ಎಂಟು ಎಳೆಗಳು ಎರಡೆರಡಾಗಿ ಹೊಸೆದುಕೊಂಡಿರುತ್ತವೆ. ಪ್ರತಿಯೊಂದು ಜೋಡಿಯಲ್ಲಿಯೂ ಸುದ್ದಿಯಾಗಿ ಸಾಗುವುದು ಎರಡು ಎಳೆಗಳ ನಡುವಣ ವ್ಯತ್ಯಾಸ. ಆದುದರಿಂದ ಎರಡು ಎಳೆಗಳಿಗೂ ಸಮನಾದ ವೋಲ್ಟನ್ನು ಕೊಟ್ಟು, ಇನ್ನೊಂದು ಜೋಡಿಯ ಮೂಲಕ ಪ್ರವಾಹವನ್ನು ಹಿಂದಿರುಗಿಸಿದರೆ ವ್ಯತ್ಯಾಸವು ಕೆಡುವುದಿಲ್ಲ. ಸುದ್ದಿಗೆ ವಿದ್ಯುತ್ತಿನ ಇರವೇ ತಿಳಿಯದು. ಮಾತೂ ವಿದ್ಯುತ್ತೂ ಒಂದೇ ತಂತಿಯಲ್ಲಿ ಬರುವುದು ನಮಗೆ ಹೊಸದಲ್ಲ. ಹಳೆಯ ದೂರವಾಣಿಗೆ ವಿನಿಮಯ ಕೇಂದ್ರದ ೪೮ ವೋಲ್ಟಿನ ಬ್ಯಾಟರಿಯಿಂದ ಹೀಗೆಯೇ ಶಕ್ತಿ ಬರುತ್ತಿತ್ತು. ಮನೆಯ ದೀಪವಾರಿದಾಗಲೂ ಅದು ಮಾತನಾಡುತ್ತಿದ್ದುದು ಇದರಿಂದಲೇ.

ಪವರ್ ಓವರ್ ಈಥರ್ನೆಟ್ ಎಂಬ ಈ ಏರ್ಪಾಟಿಗೆ ೨೦೦೩ರಲ್ಲಿ ಮೊದಲ ಪ್ರಮಾಣವು ಗೊತ್ತಾಯಿತು. ಆಗ ಮೂಲದಲ್ಲಿ ೧೫.೪ ವಾಟು ಸಿಗುತ್ತಿತ್ತು. ೨೦೦೯ರ ಪ್ರಮಾಣದಲ್ಲಿ ೩೦. ೨೦೧೮ರ ಪ್ರಮಾಣದಲ್ಲಿ ನಾಲ್ಕು ಜೋಡಿಗಳನ್ನೂ ಬಳಸಿ ೯೦. ನೂರು ಮೀಟರು ತಂತಿಯ ತುದಿಯಲ್ಲಿ ಈ ತೊಂಬತ್ತರಲ್ಲಿ ೭೧.೩ ವಾಟು ಸಿಗುವುದೆಂಬ ಭರವಸೆಯಿದೆ; ಮಿಕ್ಕುದು ತಂತಿಯನ್ನು ಬಿಸಿಮಾಡುವುದರಲ್ಲಿ ವ್ಯಯವಾಗುತ್ತದೆ. ಈ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ೪೮ಕ್ಕೆ ಬದಲು ೧೨ ವೋಲ್ಟನ್ನು ಹರಿಸಿದರೆ ಅಷ್ಟೇ ಶಕ್ತಿಗೆ ನಾಲ್ಮಡಿ ಪ್ರವಾಹ ಬೇಕು, ನಷ್ಟ ಹದಿನಾರು ಮಡಿ. ಹೆಚ್ಚಿನ ವೋಲ್ಟನ್ನು ಆರಿಸಿಕೊಂಡುದಕ್ಕೆ ಇದೇ ಕಾರಣ.

ಹಾಗೆಂದು ಒಲೆಯನ್ನು ತಂತಿಗೆ ನೇರವಾಗಿ ಕಟ್ಟಲಾಗದು. ಮೂಲಯಂತ್ರವು ಮೊದಲು ಹತ್ತು ವೋಲ್ಟಿಗೂ ಕಡಿಮೆಯಾದ ಅಲ್ಪ ಒತ್ತಡವನ್ನು ಕಳುಹಿಸಿ, ಆ ತುದಿಯಲ್ಲಿ ಸುಮಾರು ೨೫,೦೦೦ ಓಮ್ ರೋಧವಿದೆಯೆ ಎಂದು ಪರೀಕ್ಷಿಸುತ್ತದೆ. ಗುರುತು ದೊರೆತರೆ ಮಾತ್ರ ಪೂರ್ಣಶಕ್ತಿ. ಈ ಗುರುತನ್ನು ತೋರಿಸಿ, ವಿದ್ಯುತ್ತನ್ನು ಬೇರ್ಪಡಿಸಿ ೧೨ ಅಥವಾ ೨೪ ವೋಲ್ಟಿಗೆ ಇಳಿಸುವ ಉಪಕರಣವೊಂದು ನಡುವೆ ಬೇಕು. ಒಲೆಯ ಮೋಟಾರುಗಳು ಏಕಮುಖ ಪ್ರವಾಹದವಾದರೆ ಕೆಲಸ ಹಗುರ. ಅಮೆರಿಕೆಯ ೧೨೦ ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಮಾಡಿದವಾದರೆ ಇನ್ವರ್ಟರೂ ಬೇಕು. ಅದು ತನ್ನ ಪಾಲನ್ನು ತಿಂದು ಉಳಿದುದನ್ನು ಕೊಡುತ್ತದೆ.

ಇನ್ನೂ ಒಂದು ತೊಡಕುಂಟು. ಬೆಂಕಿ ಹೊತ್ತಿಸುವ ಸಲಾಕೆಯು ೨೦೦ರಿಂದ ೩೦೦ ವಾಟುಗಳನ್ನು ಬೇಡುತ್ತದೆ, ತಂತಿಯಲ್ಲಿರುವುದು ೭೧. ಆದರೆ ಸಲಾಕೆಗೆ ಇದು ಬೇಕಾದುದು ಐದು ನಿಮಿಷ ಮಾತ್ರ. ೩೦೦ ವಾಟು ಐದು ನಿಮಿಷವೆಂದರೆ ೨೫ ವಾಟ್-ಗಂಟೆ. ಸಣ್ಣ ಒರತೆಯೂ ಇರುಳೆಲ್ಲ ಜಿನುಗಿ ಬಾವಿಯನ್ನು ತುಂಬುವಂತೆ, ತಂತಿಯಿಂದ ಬ್ಯಾಟರಿಯೊಂದನ್ನು ತುಂಬಿಟ್ಟು, ಬೇಕಾದ ಗಳಿಗೆಯಲ್ಲಿ ಅದರಿಂದ ತೋಡಿಕೊಳ್ಳಬಹುದು. ಒಲೆ ನಡೆಯುತ್ತಿರುವಾಗಲೂ ಹದಿನೈದು ವಾಟು ಮಿಕ್ಕಿತೆಂದರೆ, ವ್ಯಯವಾದುದು ಎರಡು ಗಂಟೆಯೊಳಗಾಗಿ ಮರಳಿ ತುಂಬುತ್ತದೆ.

ಬ್ಯಾಟರಿಯ ಮುಖ್ಯ ಪ್ರಯೋಜನ ಇದಲ್ಲ. ಯಾರೋ ಮನೆಯೊಳಗೆ ತಂತಿಯ ತುದಿಯನ್ನು ಕಿತ್ತರೆಂದುಕೊಳ್ಳೋಣ. ಕ್ಯಾಮೆರಾವಾದರೆ ಕಣ್ಣು ಮುಚ್ಚುತ್ತದೆ, ಅಷ್ಟೆ. ಒಲೆಯ ಸ್ಥಿತಿ ಹಾಗಲ್ಲ. ಫ್ಯಾನು ನಿಂತರೂ ಬೆಂಕಿ ಆರುವುದಿಲ್ಲ; ಹೊಗೆಯುತ್ತ, ತಿರುಪಿನ ಕೊಳವೆಯಲ್ಲಿರುವ ಗುಳಿಗೆಗಳನ್ನು ಹಿಡಿದು ಕಣಜದ ಕಡೆಗೆ ತೆವಳಬಹುದು. ಸಲಾಕೆ ಮತ್ತೆ ಕಾಯುವಾಗ ಬಟ್ಟಲಿನಲ್ಲಿ ಉರಿಯದ ಗುಳಿಗೆಗಳು ರಾಶಿಬಿದ್ದಿದ್ದರೆ, ತುಂಬಿದ ಹೊಗೆಯು ಥಟ್ಟನೆ ಹತ್ತಿಕೊಳ್ಳುವ ಅಪಾಯವೂ ಉಂಟು. ಒಳಗಿರುವ ಮಾಂಸವು ೪ರಿಂದ ೬೦ ಸೆಂಟಿಗ್ರೇಡಿನ ನಡುವೆ ಎರಡು ಗಂಟೆಗೂ ಮಿಕ್ಕಿ ಇದ್ದರೆ ತಿನ್ನಲು ತಕ್ಕುದಲ್ಲವೆಂದು ಆ ದೇಶದ ಕೃಷಿ ಇಲಾಖೆಯ ಎಚ್ಚರಿಕೆಯಿದೆ. ಒಲೆಯನ್ನು ಆರಿಸುವ ಸರಿಯಾದ ಕ್ರಮವೆಂದರೆ ದಂಡವನ್ನು ನಿಲ್ಲಿಸಿ, ಬಟ್ಟಲಿನಲ್ಲಿರುವುದು ಉರಿದು ತೀರುವತನಕ ಫ್ಯಾನನ್ನು ನಡೆಸುವುದು. ಆ ಕೆಲವು ನಿಮಿಷಗಳ ಶಕ್ತಿಯನ್ನು ಬ್ಯಾಟರಿಯಲ್ಲಿ ಯಾವಾಗಲೂ ಮೀಸಲಿಡತಕ್ಕುದು. ಇಷ್ಟು ಏರ್ಪಾಟಿಲ್ಲದ ಒಲೆಯನ್ನು ತೆಳುತಂತಿಗೆ ಒಪ್ಪಿಸಲಾಗದು.

ಮಿಕ್ಕ ಎಚ್ಚರಿಕೆಗಳೂ ಅಲ್ಪವಾದುವಲ್ಲ. ತಂತಿಯು ಬಿಸಿಲು ಮಳೆಗಳನ್ನು ತಾಳುವಂಥದೂ ಅಪ್ಪಟ ತಾಮ್ರದ್ದೂ ಆಗಿರಬೇಕು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯಲ್ಲಿ ರೋಧ ಹೆಚ್ಚು, ಬಿಸಿಯೂ ಹೆಚ್ಚು. ಹೊರಗಿನ ತಾಮ್ರವು ಸಿಡಿಲಿನ ಆಘಾತವನ್ನು ಮನೆಯೊಳಗೆ ತರಬಲ್ಲದಾದುದರಿಂದ, ತಂತಿ ಒಳಬರುವೆಡೆಯಲ್ಲಿ ಭೂಮಿಗೆ ಸಂಬಂಧಿಸಿದ ರಕ್ಷಕವಿರಬೇಕು. ಲಿಥಿಯಂ ಬ್ಯಾಟರಿಯನ್ನು ನೀರು ಹೆಪ್ಪುಗಟ್ಟುವ ಚಳಿಯಲ್ಲಿ ತುಂಬಲಾಗದು. ಒಲೆಯ ಬಿಸಿಗೆ ಒಡ್ಡಲೂ ಆಗದು. ಇನ್ವರ್ಟರನ್ನು ಇಟ್ಟಲ್ಲಿ, ಸಾಧುವಾಗಿ ಬಂದ ತಂತಿಯು ಮತ್ತೆ ೧೨೦ ವೋಲ್ಟಿನ ಉಗ್ರರೂಪವನ್ನು ತಾಳುವುದನ್ನು ಮರೆಯಬಾರದು. ಒದ್ದೆ ಅಂಗಳದಲ್ಲಿ ಅದಕ್ಕೆ ತಕ್ಕ ಕಾಪು ಬೇಕು.

ಒಟ್ಟಿನಲ್ಲಿ, ಹಿತ್ತಿಲಲ್ಲಿ ಕ್ರಮವಾದ ಪ್ಲಗ್ಗಿದ್ದವರು ಈ ಸಾಹಸಕ್ಕೆ ಹೋಗಬೇಕಾದುದಿಲ್ಲ. ಇಲ್ಲದವರಿಗೆ ಇದು ಅಸಾಧ್ಯವೂ ಅಲ್ಲ. ಅಮೆರಿಕೆಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದಾಗ ನಮ್ಮ ವಾಚಕರಲ್ಲಿ ಯಾರಾದರೂ ಇಂಥ ಒಲೆಯನ್ನು ಕಂಡರೆ, ತಂತಿಗೆ ಇಷ್ಟು ಬಲವೆಲ್ಲಿಂದ ಬಂದಿತೆಂದು ಬೆರಗಾಗುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳುವುದು ಒಳಿತು: ತಂತಿ ಕಡಿದರೆ ಬೆಂಕಿಯನ್ನು ಆರಿಸುವವರು ಯಾರು? ಅದಕ್ಕೆ ಸಮರ್ಪಕವಾದ ಉತ್ತರ ಸಿಕ್ಕಿದರೆ ಊಟಕ್ಕೆ ನಿಶ್ಚಿಂತೆಯಿಂದ ಕೂರಬಹುದು.